ಹಿಂದಕ್ಕೆ ಎಳೆದ ಗೀರು

ಕಾಳಪ್ಪ ಕಮ್ಮಾರನ ಕತೆ ಹೇಳಬೇಕೆಂದರೆ ಅವನ ಬಲಗೈ ಹೆಬ್ಬೆರಳಿನಿಂದ ಶುರು ಮಾಡಬೇಕು. ಆ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಕಾಲೇಜಿನ ಬಾಗಿಲಲ್ಲಿ ಗೋಡೆಗೆ ಹೊಡೆದಿದ್ದ ಹಾಜರಿ ಯಂತ್ರಕ್ಕೆ ಅವನು ದಿನಾ ಬೆಳಿಗ್ಗೆ ಬೆರಳು ಒತ್ತುತ್ತಿದ್ದ. ಯಂತ್ರ ಕೆಂಪು ದೀಪ ತೋರಿಸಿ, ಗುರುತಿಲ್ಲ ಅನ್ನುತ್ತಿತ್ತು. ಇಪ್ಪತ್ತಾರು ವರ್ಷ ಅದೇ ಅಂಗಳದಲ್ಲಿ ದುಡಿದವನಿಗೆ ಗುರುತಿಲ್ಲ. ಕಾಳಪ್ಪ ಒಂದು ನಗೆ ನಕ್ಕು, ಪಕ್ಕದ ರಿಜಿಸ್ಟರಿನಲ್ಲಿ ಸಹಿ ಹಾಕಿ, ಹಿಂದಿನ ತಗಡಿನ ಶೆಡ್ಡಿನ ಕಡೆ ನಡೆಯುತ್ತಿದ್ದ. ಆದರೆ ಅದೇ ಹೆಬ್ಬೆರಳನ್ನು ಕಬ್ಬಿಣದ ಮೇಲೆ ಎಳೆದನೆಂದರೆ, ಕೂದಲೆಳೆಯಷ್ಟು ಉಬ್ಬಿದ್ದರೂ ಅವನಿಗೆ ತಿಳಿಯುತ್ತಿತ್ತು.

ಕಾಲೇಜು ಇದ್ದದ್ದು ಹುನಗುಂದದ ಹೊರಗೆ, ಎರೆ ಹೊಲಗಳ ನಡುವೆ. ಕಾಳಪ್ಪ ಅಲ್ಲಿ ವರ್ಕ್‌ಶಾಪ್ ಕಲಿಸುವವನು. ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ಅಂಗೈಯಗಲದ ಎರಡು ಕಬ್ಬಿಣದ ತುಂಡು ಕೊಡುತ್ತಿದ್ದ. ಒಂದರಲ್ಲಿ ಮೂಲೆ ಮೂಡಬೇಕು, ಇನ್ನೊಂದರಲ್ಲಿ ಆ ಮೂಲೆ ಕೂರುವಷ್ಟೇ ಕಚ್ಚು ಆಗಬೇಕು. ತುಂಡನ್ನು ವೈಸಿನಲ್ಲಿ ಬಿಗಿದು, ಅರದಿಂದ ತಿಕ್ಕಿ ತಿಕ್ಕಿ ಎರಡನ್ನೂ ಒಂದಕ್ಕೊಂದು ಕೂರಿಸಬೇಕು. ಅದಕ್ಕೆ ಜೋಡಿ ಅನ್ನುತ್ತಿದ್ದರು. ಮುಗಿಸಿ ತಂದ ಜೋಡಿಯನ್ನು ಕಾಳಪ್ಪ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಸಂದಿನಲ್ಲಿ ಬೆಳಕು ಕಂಡರೆ ಬೈಗುಳ ಇಲ್ಲ, ಏನಿಲ್ಲ, ತಿರುಗಿ ಕೊಡುತ್ತಿದ್ದ.

"ಸೂರ್ಯಪ್ಪ ಇಣಕಾಕತ್ಯಾನ ನೋಡು. ಅವನ್ನ ಹೊರಗ ಹಾಕಿ ಬಾ."

ಮೊದಲನೇ ದಿನದ ಪಾಠವೂ ಒಂದೇ. ಅರಕ್ಕೆ ಮುಂದೆ ಹೋಗುವಾಗ ಮಾತ್ರ ಹಲ್ಲು. ಹಿಂದಕ್ಕೆ ತರುವಾಗ ಎತ್ತಿ ತರಬೇಕು. ಹಿಂದಕ್ಕೆ ಎಳೆದರೆ ಕಬ್ಬಿಣ ಸವೆಯುವುದಿಲ್ಲ, ಅರದ ಹಲ್ಲು ಮೊಂಡಾಗುತ್ತದೆ, ಕೆಲಸದ ಮೇಲೆ ಒಂದು ಮಂಕು ಗೀರು ಬೀಳುತ್ತದೆ. ಆ ಗೀರು ಕಂಡರೆ ಅರ್ಧ ಮಾರ್ಕು ಕಡಿಮೆ.

ಇಷ್ಟು ಕಲಿಸುವ ಕಾಳಪ್ಪನ ಮನೆಯಲ್ಲೇ ಆ ಗೀರಿಗೆ ಬೇರೆ ರೂಢಿ ಇತ್ತು.

ಅವನ ಹುಟ್ಟೂರು ಬಾದಾಮಿ ತಾಲ್ಲೂಕಿನಲ್ಲಿ, ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಗೆ. ಅಪ್ಪ ಮೌನೇಶಪ್ಪನ ಕುಲುಮೆಗೆ ಸುತ್ತಲಿನ ಹಳ್ಳಿಯ ಕೊಡಲಿ, ಕುಡುಗೋಲು, ಕುಂಟೆಯ ಕುಡ ಎಲ್ಲ ಬರುತ್ತಿದ್ದವು. ಅಪ್ಪ ಯಾವ ವಸ್ತುವನ್ನೇ ಮಾಡಲಿ, ಪೂರಾ ನಯವಾದ ಮೇಲೆ, ಯಾರಿಗೂ ಕಾಣದ ಒಳಮೈಯಲ್ಲಿ ಅರವನ್ನು ಒಂದೇ ಒಂದು ಸಲ ಹಿಂದಕ್ಕೆ ಎಳೆಯುತ್ತಿದ್ದ. ಅದು ಕುಲದೇವತೆ ಕಾಳಮ್ಮನ ಪಾಲು. ಮನುಷ್ಯ ಮಾಡಿದ್ದು ಪೂರ್ತಿ ಆಗಬಾರದು, ಒಂದು ತಪ್ಪು ತಾಯಿಗೆ ಬಿಡಬೇಕು ಅನ್ನುತ್ತಿದ್ದ. ಬೇರೆ ಕಮ್ಮಾರರ ಮನೆಯಲ್ಲಿ ಹೀಗಿತ್ತೋ ಇಲ್ಲವೋ, ಆ ಮನೆಯಲ್ಲಿ ಇತ್ತು. ಅಪ್ಪನಿಂದ ಕಾಳಪ್ಪನ ಕೈಗೆ ಬಂತು. ಕಾಳಪ್ಪನಿಂದ ಅವನ ಒಬ್ಬನೇ ಮಗ ವೀರೇಶನ ಕೈಗೆ ಬಂತು.

ಕೈಗೆ ಬಂದದ್ದು ಕಾಳಪ್ಪನಿಗೆ ಬೇಡವಾಗಿತ್ತು. ಅವನಿಗೆ ಇದ್ದ ಆಸೆ ಒಂದೇ. ಮಗ ಅರ ಹಿಡಿದು ಅನ್ನ ತಿನ್ನಬಾರದು, ಇಂಜಿನಿಯರ್ ಆಗಿ ತಿನ್ನಬೇಕು. ತಾನು ಯಾವ ಮಕ್ಕಳಿಗೆ ಕಲಿಸುತ್ತಾನೋ ಆ ಮಕ್ಕಳ ಸಾಲಿನಲ್ಲಿ ಮಗ ನಿಲ್ಲಬೇಕು. ಆದರೆ ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬಂದು, ಅಪ್ಪನ ಪಕ್ಕದ ವೈಸಿನಲ್ಲಿ ಆಟಕ್ಕೆಂದು ತಿಕ್ಕುತ್ತ, ಹುಡುಗ ಹನ್ನೆರಡನೇ ವಯಸ್ಸಿಗೇ ಬೆಳಕು ನುಸುಳದ ಜೋಡಿ ಮಾಡಿಬಿಟ್ಟಿದ್ದ.

ವೀರೇಶ ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಓದಿದ. ಡಿಸ್ಟಿಂಕ್ಷನ್ ಬಂತು. ಪುಣೆಯ ಕಂಪನಿಯವರು ಆಯ್ಕೆಗೆಂದು ಬಂದಾಗ ಎಂಟು ಹುಡುಗರನ್ನು ಒಂದು ಕೋಣೆಯಲ್ಲಿ ದುಂಡಗೆ ಕೂರಿಸಿ, ಒಂದು ವಿಷಯ ಕೊಟ್ಟು, ಮಾತಾಡಿ ಅಂದರು. ಏಳು ಹುಡುಗರು ಒಬ್ಬರ ಮೇಲೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ವೀರೇಶ ತಲೆ ಎತ್ತಿ ಮೇಲಿನ ಫ್ಯಾನ್ ನೋಡುತ್ತ ಕೂತಿದ್ದ. ಕೊನೆಗೆ, ನೀನೇನು ಹೇಳುತ್ತಿ ಎಂದು ಕೇಳಿದಾಗ, "ಸರ್, ಈ ಫ್ಯಾನಿನ ಬುಷ್ ಹೋಗೇತ್ರಿ. ಕೆಳಗ ಕುಂತವ್ರು ಸ್ವಲ್ಪ ಸರದ್ರ ಚಲೋ," ಅಂದ. ಎಲ್ಲರೂ ನಕ್ಕರು. ಗಮನ ಸಾಲದು, ಸಂವಹನ ಸಾಲದು ಎಂದು ಅವನ ಹೆಸರಿನ ಮುಂದೆ ಬರೆದರಂತೆ. ಆ ಫ್ಯಾನು ಬಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಎರಡು ವರ್ಷ ಹೀಗೆ ಒಂಬತ್ತು ಕಡೆ ಆಯಿತು. ಆಮೇಲೆ ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಯಂತ್ರಗಳ ಉಸ್ತುವಾರಿಗೆ ಇಂಜಿನಿಯರ್ ಎಂದು ಕೆಲಸ ಸಿಕ್ಕಿತು. ಕಾಳಪ್ಪ ಅವತ್ತು ಇಡೀ ಕಾಲೇಜಿಗೆ ಪೇಢೆ ಹಂಚಿದ. ದಿನಾ ಬೆಳಿಗ್ಗೆ ಎಂಟಕ್ಕೆ ಮಗ ಬುತ್ತಿ ಹಿಡಿದು ಇಳಕಲ್ಲಿನ ಬಸ್ಸು ಹತ್ತುವುದನ್ನು ನೋಡಿಯೇ ತಾನು ಕೆಲಸಕ್ಕೆ ಹೋಗುತ್ತಿದ್ದ. ಕೇಳಿದವರಿಗೂ ಕೇಳದವರಿಗೂ, "ನಮ್ಮಾಂವ ಇಂಜಿನಿಯರ್ ಅದಾನ್ರಿ, ಇಳಕಲ್ದಾಗ," ಅನ್ನುತ್ತಿದ್ದ.

ಇಷ್ಟರಲ್ಲಿ ಕಾಲೇಜಿಗೆ ಪರಿಶೀಲನಾ ಸಮಿತಿ ಬರುತ್ತದೆ ಎಂಬ ಸುದ್ದಿ ಬಂತು. ಅವರು ಒಪ್ಪಿದರೆ ಕಾಲೇಜಿಗೆ ಮಾನ್ಯತೆ. ಒಪ್ಪದಿದ್ದರೆ ಮುಂದಿನ ವರ್ಷ ಮಕ್ಕಳು ಬರುವುದಿಲ್ಲ, ಮಕ್ಕಳು ಬರದಿದ್ದರೆ ಶೆಡ್ಡೂ ಇಲ್ಲ, ಸಂಬಳವೂ ಇಲ್ಲ. ಇಂಜಿನಿಯರಿಂಗ್ ಮುಗಿಸಿದವನಲ್ಲಿ ಇರಲೇಬೇಕಾದ ಹನ್ನೆರಡು ಗುಣಗಳನ್ನು ಇಂಗ್ಲಿಷಿನಲ್ಲಿ ದೊಡ್ಡ ಫಲಕಗಳ ಮೇಲೆ ಬರೆಸಿ, ಕೋಣೆ ಕೋಣೆಗೂ ತೂಗುಹಾಕಿದರು. ಶೆಡ್ಡಿಗೂ ಒಂದು ಬಂತು. ತಂದವಳು ಸವಿತಾ ಮೇಡಂ. ಬಾದಾಮಿಯ ಹುಡುಗಿ, ಮೂರು ವರ್ಷದ ಹಿಂದೆ ಪಾಠ ಮಾಡಲು ಸೇರಿದವಳು. ಸಮಿತಿಯ ಕಾಗದಪತ್ರದ ಹೊರೆಯೆಲ್ಲ ಅವಳ ತಲೆ ಮೇಲೆ ಬಿದ್ದಿತ್ತು.

"ಓದಿ ಹೇಳ್ರಿ ಮೇಡಂ, ಏನೇನ್ ಇರಬೇಕಂತ," ಅಂದ ಕಾಳಪ್ಪ.

ಸವಿತಾ ಕನ್ನಡದಲ್ಲಿ ಬಿಡಿಸಿ ಹೇಳಿದಳು. ವಿಷಯದ ಜ್ಞಾನ, ಸಮಸ್ಯೆಯನ್ನು ಬಿಡಿಸಿ ನೋಡುವ ಬುದ್ಧಿ, ಹೊಸದನ್ನು ರೂಪಿಸುವುದು, ನೀತಿ, ನಾಲ್ಕು ಮಂದಿಯೊಡನೆ ಕೂಡಿ ದುಡಿಯುವುದು, ತಿಳಿಯುವಂತೆ ಮಾತಾಡುವುದು, ಸಾಯುವತನಕ ಕಲಿಯುವುದು, ಹೀಗೆ.

"ಎಲ್ಲಾ ಚಲೋನ ಅದಾವ್ರಿ. ಕೈ ಎಲ್ಲಿ ಬಂತು ಇದರಾಗ?"

"ಕೈ ಅಂದ್ರ?"

"ಕೈ ಅಂದ್ರ ಕೈರಿ. ಈ ಕೈ."

ಸವಿತಾ ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದಳು. "ಐದನೇದು ಐತಲ್ರಿ, ಆಧುನಿಕ ಉಪಕರಣ ಬಳಸೂದು. ಅದರಾಗ ಬಂದೀತು ಬಿಡ್ರಿ," ಅಂದಳು. ಆಮೇಲೆ ದನಿ ಇಳಿಸಿ, "ನನ್ನ ನೌಕರಿ ಇದರ ಮ್ಯಾಲ ಐತಿ ಕಾಳಪ್ಪಣ್ಣ. ಮಕ್ಕಳು ಮಾಡಿದ್ದರಾಗ ಚಲೋ ಜೋಡಿ ಆರಿಸಿ ಮೇಜಿನ ಮ್ಯಾಲ ಇಡ್ರಿ. ಬಂದವ್ರು ಕೈಯಾಗ ಹಿಡದು ನೋಡ್ತಾರಂತ," ಅಂದಳು.

ಮಕ್ಕಳು ಮಾಡಿದ್ದು ಅನ್ನುವ ಮಾತಿಗೆ ಕಾಳಪ್ಪ ಕಪಾಟಿನ ಕಡೆ ನೋಡಿದ. ಜೋಡಿಗಳನ್ನು ಅವರು ದುಡ್ಡು ಕೊಟ್ಟು ಹೊರಗೆ ಮಾಡಿಸಿ ತರುತ್ತಾರೆ ಎಂಬುದು ಅವನಿಗೆ ಗೊತ್ತಿದ್ದದ್ದೇ. ವಾರಕ್ಕೆ ಮೂರು ತಾಸು ಇದ್ದ ವರ್ಕ್‌ಶಾಪು ಒಂದೂವರೆ ತಾಸಿಗೆ ಇಳಿದಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತು ಎಂದು ಒಬ್ಬ ಹುಡುಗನ ತಂದೆ ಪ್ರಿನ್ಸಿಪಾಲರ ಹತ್ತಿರ ಹೋಗಿದ್ದ. "ಕಾಳಪ್ಪ, ತಂದಿದ್ದಕ್ಕ ಮಾರ್ಕು ಹಾಕ್ರಿ. ಎಲ್ಲಿಂದ ತಂದ್ರು ಅಂತ ಕೇಳಾಕ ಹೋಗಬ್ಯಾಡ್ರಿ," ಎಂದಿದ್ದರು ಪ್ರಿನ್ಸಿಪಾಲರು. ಮೊದಲ ವರ್ಷ ಕಾಳಪ್ಪನಿಗೆ ಸಿಟ್ಟು ಬಂದಿತ್ತು. ಎರಡನೇ ವರ್ಷ ಬೇಸರ ಬಂದಿತ್ತು. ಆಮೇಲೆ ಅದೂ ಬರಲಿಲ್ಲ. ಕಿಟಕಿಗೆ ಹಿಡಿದು ನೋಡುವುದನ್ನೇ ಬಿಟ್ಟಿದ್ದ. ರಾಶಿ ಬಂದರೆ ರಾಶಿಗೇ ಮಾರ್ಕು ಹಾಕಿ ಕಪಾಟಿಗೆ ತುಂಬುತ್ತಿದ್ದ.

ಆ ಮಧ್ಯಾಹ್ನ ಅವನು ಕಪಾಟು ತೆಗೆದು, ಜೋಡಿಗಳನ್ನೆಲ್ಲ ಬೆಂಚಿನ ಮೇಲೆ ಹರವಿ, ಒಂದೊಂದನ್ನೇ ಕಿಟಕಿಗೆ ಹಿಡಿದ. ಮೊದಲನೆಯದರಲ್ಲಿ ಬೆಳಕಿಲ್ಲ. ಎರಡನೆಯದರಲ್ಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಇಂಥ ಕೆಲಸ ಕಂಡು ಅವನ ಎದೆಗೆ ಒಂದು ಹಿಗ್ಗು ಬಂತು. ಯಾವನಪ್ಪ ಇವನು, ದುಡ್ಡಿಗೆ ಮಾಡಿದರೂ ಇಷ್ಟು ಶ್ರದ್ಧೆಯಿಂದ ಮಾಡುವವನು ಅಂದುಕೊಂಡ. ಮೂರನೆಯದನ್ನು ಬಿಡಿಸಿ, ಕಚ್ಚಿನ ಒಳಮೈ ಮೇಲೆ ಹೆಬ್ಬೆರಳು ಎಳೆದ.

ಬೆರಳು ನಿಂತಿತು.

ಮತ್ತೆ ಎಳೆದ. ಕನ್ನಡಕ ಹಾಕಿ ನೋಡಿದ. ನಯವಾದ ಕಬ್ಬಿಣದ ಒಳಗೆ, ಎಡಗಡೆಗೆ ತುಸು ವಾಲಿಕೊಂಡು, ಒಂದೇ ಒಂದು ಮಂಕು ಗೀರು. ಮೊದಲಿನ ಎರಡನ್ನೂ ಬಿಡಿಸಿದ. ಅವುಗಳಲ್ಲೂ ಇತ್ತು. ಮೂವತ್ತು ಜೋಡಿಯಲ್ಲಿ ಹದಿನೇಳರ ಒಳಗೆ ಇತ್ತು. ಅರ ಹಿಡಿಯಲು ಬಾರದ ಹುಡುಗರು ಹಿಂದಕ್ಕೆ ಎಳೆದರೆ ಹತ್ತು ಗೀರು ಬೀಳುತ್ತವೆ, ಎಲ್ಲೆಂದರಲ್ಲಿ ಬೀಳುತ್ತವೆ. ಬಲ್ಲವರು ಎಳೆಯುವುದೇ ಇಲ್ಲ. ಇಷ್ಟು ಬಲ್ಲವನು ಒಂದೇ ಸಲ, ಅದೂ ಒಳಮೈಯಲ್ಲಿ ಎಳೆಯಬೇಕೆಂದರೆ ಅಂಥ ಕೈ ಲೋಕದಲ್ಲಿ ಎರಡು. ಒಂದು ಈಗ ಆ ಜೋಡಿ ಹಿಡಿದಿತ್ತು.

ಮರುದಿನ ಅರ್ಧ ದಿನದ ರಜೆ ಹಾಕಿ ಕಾಳಪ್ಪ ಇಳಕಲ್ಲಿಗೆ ಹೋದ. ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿಗೆ ಕೂತಿದ್ದವನು ಮುದುಕ ಇಮಾಮಹುಸೇನ. ವೀರೇಶ ಎಂದೊಡನೆ ಅವನ ಮುಖ ಸಣ್ಣದಾಯಿತು.

"ಇಂಜಿನಿಯರ್ ವೀರೇಶನ? ಅಂವ ದಸರಾಕ್ಕ ಕೆಲಸ ಬಿಟ್ಟು ಹೋದ್ನಲ್ರಿ. ನೀವು ಯಾರು ಆಗಬೇಕು?"

"ಊರಾವ," ಅಂದ ಕಾಳಪ್ಪ.

"ಚಲೋ ಹುಡುಗ ಪಾಪ. ಕಲ್ಲು ಎತ್ತೂ ಕ್ರೇನಿನ ಕೊಕ್ಕಿ ಬಿರುಕು ಬಿಟ್ಟೈತಿ, ಎತ್ತಬ್ಯಾಡ್ರಿ ಅಂತ ಪುಸ್ತಕದಾಗ ಬರದ. ಎರಡು ದಿನ ಲೋಡಿಂಗ್ ನಿಂತಿತು. ಬರದದ್ದು ಯಾಕ, ಬಾಯಿಲೆ ಹೇಳಬೇಕಿತ್ತು ಅಂದ್ರು ಸಾವಕಾರ್ರು. ಇಂವ, ಬರಿಯೂದು ನನ್ನ ಕೆಲಸರಿ ಅಂದ. ಹಂಗಾದ್ರ ಮನ್ಯಾಗ ಕುಂತು ಬರಿ ಅಂದ್ರು." ಮುದುಕ ಬೀಡಿ ಹೊತ್ತಿಸಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಕಡೆ ಕೈ ಮಾಡಿದ. "ಈಗ ನಮ್ಮ ನವೀದನ ವೆಲ್ಡಿಂಗ್ ಅಂಗಡ್ಯಾಗ ಅದಾನಂತ ಕೇಳೇನಿ."

ದಸರಾ ಹೋಗಿ ಐದು ತಿಂಗಳಾಗಿತ್ತು. ಐದು ತಿಂಗಳು ದಿನಾ ಎಂಟಕ್ಕೆ ಬಸ್ಸು ಹತ್ತಿಸಿದ್ದ ಕಾಳಪ್ಪ.

ನವೀದನ ಅಂಗಡಿಯ ಎದುರು ಒಂದು ಬೇವಿನ ಗಿಡ. ಅದರ ಮರೆಗೆ ನಿಂತು ನೋಡಿದ. ಒಳಗೆ ವೈಸಿನ ಮುಂದೆ ಮಗ ನಿಂತಿದ್ದ. ಎಡಗಾಲು ಮುಂದೆ, ಬಲಗಾಲು ಹಿಂದೆ, ಮೊಣಕೈ ಪಕ್ಕೆಗೆ ಆನಿಕೊಂಡು, ಇಡೀ ಮೈ ಅರದ ಜತೆ ಹೋಗಿ ಬರುತ್ತಿತ್ತು. ಹಾಗೆ ನಿಲ್ಲುತ್ತಿದ್ದವನು ಮೌನೇಶಪ್ಪ. ಸತ್ತು ಹದಿನೆಂಟು ವರ್ಷವಾದ ಅಪ್ಪ ಪ್ಯಾಂಟು ಹಾಕಿಕೊಂಡು ಬಂದು ನಿಂತಂತೆ ಕಂಡಿತು ಕಾಳಪ್ಪನಿಗೆ.

ಕಬ್ಬಿಣದ ಸರಳು ಅಳೆಯುತ್ತ ಕೂತಿದ್ದ ನವೀದ ಮಗನಿಗಿಂತ ತುಸು ದೊಡ್ಡವನು. ಅವನ ಮಾತು ಓಣಿಗೆಲ್ಲ ಕೇಳುತ್ತಿತ್ತು.

"ಏನಲೇ ಇಂಜಿನಿಯರ್ ಸಾಹೇಬ, ಅದೇ ಒಂದು ಎಷ್ಟೊತ್ತು ತಿಕ್ತಿ? ಪಾಸ್ ಆಗಾವ್ರು ಅವ್ರು, ನೀ ಅಲ್ಲ."

"ನಾ ಆಗ್ಲೇ ಪಾಸಾಗೇನಿ. ಡಿಸ್ಟಿಂಕ್ಷನ್."

"ಹೌದಪಾ. ಅದಕ್ಕ ನನ್ನ ಅಂಗಡ್ಯಾಗ ಬಂದು ಕುಂತಿ. ಫೇಲಾಗಿದ್ರ ಅಂಗಡಿನ ನಿಂದಾಗ್ತಿತ್ತು, ನನ್ನಂಗ."

ಇಬ್ಬರೂ ನಕ್ಕರು. ವೀರೇಶ ಜೋಡಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ತುಂಡನ್ನು ತಿರುಗಿ ವೈಸಿಗೆ ಹಾಕಿ, ಅರವನ್ನು ಮೆಲ್ಲಗೆ ಒಂದು ಸಲ ಹಿಂದಕ್ಕೆ ಎಳೆದ. ಆಮೇಲೆ ಅದನ್ನು ಹಣೆಗೆ ಮುಟ್ಟಿಸಿಕೊಂಡು, ಯಾವನೋ ವಿದ್ಯಾರ್ಥಿಯ ನಂಬರು ಅದರ ಮೇಲೆ ಹೊಡೆಯಲು ಸುತ್ತಿಗೆ ತೆಗೆದುಕೊಂಡ.

ಕಾಳಪ್ಪ ಒಳಗೆ ಹೋಗಲಿಲ್ಲ.

ಮನೆಯಲ್ಲೂ ಹೇಳಲಿಲ್ಲ. ಹೆಂಡತಿ ಲಲಿತಾ ಮಗನಿಗೆ ಹೆಣ್ಣು ನೋಡಲು ಶುರು ಮಾಡಿದ್ದಳು. ಹುಡುಗ ಇಂಜಿನಿಯರ್ ಎಂದು ಎರಡು ಕಡೆ ಹೇಳಿ ಬಂದಿದ್ದಳು. ಸಂಜೆ ಮಗ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ, "ಇವತ್ತು ಮಿಷನ್ ಎಲ್ಲಾ ಬರೋಬ್ಬರಿ ನಡದಾವೇನಪಾ?" ಎಂದು ಕೇಳುತ್ತಿದ್ದಳು. "ನಡದಾವವ್ವಾ," ಅನ್ನುತ್ತಿದ್ದ ವೀರೇಶ. ರೊಟ್ಟಿ ಮುರಿಯುವ ಅವನ ಬೆರಳ ಸಂದಿನಲ್ಲಿ ಕಬ್ಬಿಣದ ಪುಡಿ ಕಪ್ಪಗೆ ಕೂತಿರುತ್ತಿತ್ತು. ಗ್ರಾನೈಟಿನ ಪುಡಿ ಬೆಳ್ಳಗಿರುತ್ತದೆ. ಐದು ತಿಂಗಳು ಆ ಕೈ ನೋಡುತ್ತ ಊಟ ಮಾಡಿದರೂ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಕಾಳಪ್ಪ ತುತ್ತು ಹಿಡಿದುಕೊಂಡು ಕೂತ. ಕಾಣಲಿಲ್ಲ ಅಂತಲ್ಲ, ನೋಡಲು ಮನಸ್ಸಿರಲಿಲ್ಲ.

ಸಮಿತಿ ಬರುವ ಹಿಂದಿನ ದಿನ ಅವನು ಗೀರಿದ್ದ ಹದಿನೇಳು ಜೋಡಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಉಳಿದವನ್ನು ಮೇಜಿನ ಮೇಲೆ ಇಟ್ಟ. ಸವಿತಾ ಬಂದು ನೋಡಿದಳು. ಅವಳಿಗೂ ಕಣ್ಣಿದ್ದವು.

"ಇವು ಒಂದಕ್ಕೊಂದು ಕೂಡೂದ ಇಲ್ಲಲ್ರಿ. ನೀವು ಚಲೋವೆಲ್ಲಾ ಒಳಗ ಇಟ್ಟೀರಿ."

"ಇವ ಇರ್ಲಿ ಮೇಡಂ. ಮಕ್ಕಳು ಮಾಡಿದ್ದು ಇಷ್ಟ."

"ಕಾಳಪ್ಪಣ್ಣ, ನಿಮಗೇನ ಆಗೇತಿ?" ಅವಳೇ ಕಪಾಟಿಗೆ ಕೈ ಹಾಕಿ, ಒಂದು ಜೋಡಿ ಹೊರತೆಗೆದು ಮೇಜಿನ ನಡುವೆ ಇಟ್ಟಳು. ಅದರ ಮೇಲೆ ಹೊಡೆದಿದ್ದ ನಂಬರು ಪ್ರಭುಲಿಂಗ ಎಂಬ ಹುಡುಗನದು. ಒಳ್ಳೆಯದೇ ಆಯಿತು, ಆ ಹುಡುಗ ಮಾತಿನಲ್ಲಿ ಚುರುಕು ಅಂದಳು.

ಸಮಿತಿಯಲ್ಲಿ ಮೂವರು ಬಂದರು. ಇಬ್ಬರು ಶೆಡ್ಡಿನ ಬಾಗಿಲಲ್ಲೇ ನಿಂತು ಫೋನು ನೋಡಿದರು. ಮೂರನೆಯವರು ಮೈಸೂರು ಕಡೆಯ ಹಿರಿಯರು, ಹರೆಯದಲ್ಲಿ ಕಾರ್ಖಾನೆಯಲ್ಲಿ ದುಡಿದು ಆಮೇಲೆ ಪಾಠಕ್ಕೆ ಬಂದವರು. ಅವರು ನೇರ ಮೇಜಿಗೆ ಬಂದು, ಆ ಜೋಡಿಯನ್ನೇ ಎತ್ತಿ, ಯಾರೂ ಹೇಳದೆ ಕಿಟಕಿಯ ಬೆಳಕಿಗೆ ಹಿಡಿದರು. ಇಪ್ಪತ್ತಾರು ವರ್ಷದಲ್ಲಿ ಕಾಳಪ್ಪನಂತೆ ಹಿಡಿದು ನೋಡಿದವರು ಅವರೊಬ್ಬರೇ.

"ಎಷ್ಟು ಚೆನ್ನಾಗಿದೆ," ಅಂದರು ಹಿರಿಯರು, ಮೆಲ್ಲಗೆ. "ಇದನ್ನು ಮಾಡಿದ ವಿದ್ಯಾರ್ಥಿ ಇದ್ದಾನೆಯೇ?"

ಪ್ರಭುಲಿಂಗ ಮುಂದೆ ಬಂದ. ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಕೆಟ್ಟ ಹುಡುಗನಲ್ಲ. ಹೇಗೆ ಮಾಡಿದೆ ಎಂದರೆ ನಿರರ್ಗಳ ಹೇಳಿದ. ಮೊದಲು ಯೋಜನೆ, ಆಮೇಲೆ ಅಳತೆ, ಗೆಳೆಯರೊಡನೆ ಚರ್ಚೆ, ತಪ್ಪಿನಿಂದ ಕಲಿತದ್ದು. ಗೋಡೆಯ ಮೇಲಿನ ಹನ್ನೆರಡರಲ್ಲಿ ಒಂಬತ್ತು ಅವನ ಮಾತಿನಲ್ಲೇ ಬಂದುಹೋದವು. ಹಿರಿಯರು ತಲೆದೂಗುತ್ತ ಜೋಡಿಯನ್ನು ಬಿಡಿಸಿದರು. ಕಚ್ಚಿನ ಒಳಗೆ ನೋಡಿ, ಹುಬ್ಬು ಗಂಟಿಕ್ಕಿದರು.

"ಇಷ್ಟು ಅಚ್ಚುಕಟ್ಟಾಗಿ ಮಾಡಿ, ಇಲ್ಲೊಂದು ಗೀರು ಯಾಕೆ?"

ಸವಿತಾ ಕಾಳಪ್ಪನ ಕಡೆ ನೋಡಿದಳು. ಪ್ರಭುಲಿಂಗ ಆ ಗೀರನ್ನು ಮೊದಲ ಸಲ ನೋಡುತ್ತಿದ್ದ. ಆದರೂ ತಡವರಿಸಲಿಲ್ಲ.

"ಸರ್, ಅದು ನಾನೇ ಬೇಕಂತ ಹಾಕಿದ ಗುರುತು. ಜೋಡಿಸುವಾಗ ಯಾವ ಕಡೆ ಮೇಲೆ ಬರಬೇಕು ಅಂತ ತಿಳಿಯಲು. ನನ್ನದೇ ಐಡಿಯಾ."

"ಭೇಷ್," ಅಂದರು ಹಿರಿಯರು. ಬಾಗಿಲಲ್ಲಿ ನಿಂತ ಇಬ್ಬರೂ ಫೋನಿನಿಂದ ತಲೆ ಎತ್ತಿದರು. ಹಿರಿಯರು ಜೇಬಿನಿಂದ ತಮ್ಮ ಹೆಸರಿನ ಕಾರ್ಡು ತೆಗೆದು ಹುಡುಗನಿಗೆ ಕೊಟ್ಟರು. "ಬೆಳಗಾವಿಯಲ್ಲಿ ನನ್ನ ಶಿಷ್ಯನ ಕಾರ್ಖಾನೆ ಇದೆ. ಓದಿದವರು ಬೇಕಾದಷ್ಟು ಸಿಗುತ್ತಾರೆ, ಓದಿ ಇಂಥ ಕೈ ಇರುವವರು ಸಿಗುವುದಿಲ್ಲ ಅಂತ ಒದ್ದಾಡುತ್ತಿದ್ದಾನೆ. ಮುಗಿಸಿದ ಮೇಲೆ ಫೋನ್ ಮಾಡು."

ಆಮೇಲೆ ಅವರು ಕಾಳಪ್ಪನ ಕಡೆ ತಿರುಗಿದರು. ಅವನ ಹೆಬ್ಬೆರಳು ಕಂಡಿತೋ, ಮುಖ ಕಂಡಿತೋ, ಗೊತ್ತಿಲ್ಲ.

"ಈ ಕೈಗೆ ಕಲಿಸಿದವರು ನೀವಾ?"

ಬಾಯಿಗೆ ಬಂದಿತ್ತು. ಇದು ನನ್ನ ಮಗನ ಕೈ, ಅವನೂ ಇಂಜಿನಿಯರ್, ಹದಿಮೂರು ಕಿಲೋಮೀಟರಿನಾಚೆ ವೆಲ್ಡಿಂಗ್ ಅಂಗಡಿಯಲ್ಲಿ ನಿಂತಿದ್ದಾನೆ, ಆ ಕಾರ್ಡು ಅವನಿಗೆ ಕೊಡಿ ಎಂದು. ಒಂದೇ ಮಾತು. ಆದರೆ ಆ ಮಾತಿನ ಜತೆ ಉಳಿದದ್ದೂ ಹೊರಬರುತ್ತಿತ್ತು. ಮಗ ಕಳ್ಳ ಕೆಲಸ ಮಾಡಿ ಕೊಡುವವನು ಎಂದಾಗುತ್ತಿತ್ತು. ನೀತಿ ಎಂದು ಗೋಡೆಯ ಮೇಲೆ ಬರೆದಿತ್ತಲ್ಲ. ಅದಕ್ಕೆ ಕಣ್ಣು ಮುಚ್ಚಿ ಮಾರ್ಕು ಹಾಕಿದವನು ಅಪ್ಪನೇ ಎಂದಾಗುತ್ತಿತ್ತು. ಸವಿತಾ ಕಡತಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಹೌದ್ರಿ," ಅಂದ ಕಾಳಪ್ಪ. "ನಾನ ಕಲಿಸಿದ್ದು."

ಅವನ ಆಯುಷ್ಯದಲ್ಲಿ ಅಷ್ಟು ಖರೆಯಾದ ಮಾತನ್ನು ಅಷ್ಟು ಸುಳ್ಳಾಗಿ ಆಡಿರಲಿಲ್ಲ.

ಕಾಲೇಜಿಗೆ ಮಾನ್ಯತೆ ಸಿಕ್ಕಿತು. ವರ್ಕ್‌ಶಾಪಿನ ಬಗ್ಗೆ ವಿಶೇಷ ಮೆಚ್ಚುಗೆ ಬರೆದಿದ್ದರು. ಆ ವಾರವೆಲ್ಲ ಕಾಳಪ್ಪನ ತಲೆಯಲ್ಲಿ ಇದ್ದದ್ದು ಆ ಕಾರ್ಡು ಒಂದೇ. ಕೊನೆಗೆ ಪ್ರಭುಲಿಂಗನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದ.

"ತಮ್ಮಾ, ಆ ಹಿರಿಯರು ಕೊಟ್ಟ ಕಾರ್ಡು ಒಂದೀಟು ತೋರಿಸ್ತೀ? ನಂಬರ್ ಬರಕೊಂಡು ಕೊಡ್ತೇನಿ."

ಹುಡುಗ ಜೇಬು ಮುಟ್ಟಿ ನೋಡಿದ, ಚೀಲ ತೆರೆದು ನೋಡಿದ. "ಎಲ್ಲಿ ಬಿತ್ತೋ ಗೊತ್ತಿಲ್ರಿ ಸರ್. ಅಂಗಿ ಜತಿಗೆ ಒಗಿಯಾಕ ಹೋಗಿರಬೇಕು. ನಾ ಆ ಲೈನಿಗೆ ಹೋಗಂಗಿಲ್ರಿ, ಕೋಡಿಂಗ್ ಕಲಿಯಾಕತ್ತೇನಿ." ಆಮೇಲೆ ಕಾಳಪ್ಪನ ಮುಖ ನೋಡಿ ಗಾಬರಿಯಾಗಿ, "ಯಾಕ್ರಿ ಸರ್, ಭಾಳ ಬೇಕಾಗಿತ್ತೇನ್ರಿ?" ಅಂದ.

"ಇಲ್ಲಪಾ," ಅಂದ ಕಾಳಪ್ಪ.

ಸವಿತಾ ಮೇಡಂ ಹತ್ತಿರ ಕೇಳಿದರೆ ಹಿರಿಯರ ಹೆಸರು, ನಂಬರು ಸಿಗುತ್ತಿತ್ತೇನೋ. ಯಾಕೆ ಎಂದು ಅವಳು ಕೇಳುತ್ತಿದ್ದಳು. ಸಿಕ್ಕಿದರೂ, ಫೋನು ಮಾಡಿ ಏನೆಂದು ಹೇಳುವುದು? ನಿಮಗೆ ಹೌದು ಅಂದದ್ದು ಸುಳ್ಳು ಎಂದು ಹೇಳಿಯೇ ಶುರು ಮಾಡಬೇಕಾಗಿತ್ತು. ಎರಡು ಸಲ ಅವಳ ಕೋಣೆಯ ಬಾಗಿಲಿಗೆ ಹೋಗಿ ತಿರುಗಿ ಬಂದ.

ಮರುದಿನ ಬೆಳಿಗ್ಗೆ ಮಗ ಬುತ್ತಿ ಹಿಡಿದು ಹೊರಟಾಗ ಕಾಳಪ್ಪನೂ ಎಂದಿನಂತೆ ಚಪ್ಪಲಿ ಮೆಟ್ಟಿದ. ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ಕೂಡಿ ನಡೆದರು. ಇಳಕಲ್ಲಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕೂತು, ಕಾಳಪ್ಪ ಜೇಬಿನಿಂದ ಒಂದು ಜೋಡಿ ತೆಗೆದು ಮಗನ ತೊಡೆಯ ಮೇಲೆ ಇಟ್ಟ.

ವೀರೇಶ ಅದನ್ನು ಮುಟ್ಟಲಿಲ್ಲ.

"ನನಗ ಗೊತ್ತಿತ್ತಪ್ಪಾ, ಇವು ನಿನ್ನ ಶೆಡ್ಡಿಗೆ ಬರ್ತಾವು ಅಂತ," ಅಂದ. "ಕಿಟಕಿಗೆ ಹಿಡದು ನೋಡೂದು ಬಿಟ್ಟೀ ಅಂತ ಹುಡುಗ್ರು ಹೇಳಿದ್ರು. ಅದಕ್ಕ ಧೈರ್ಯ ಬಂತು."

ಕಾಳಪ್ಪನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

"ಅವ್ವಗ ಹೇಳಿದಿಯೇನು?" ಎಂದು ಕೇಳಿದ ವೀರೇಶ.

"ಇಲ್ಲ."

"ಹೇಳಬ್ಯಾಡ. ಇನ್ನೊಂದೆರಡು ಕಡೆ ಅರ್ಜಿ ಹಾಕೇನಿ. ಮೊನ್ನೆ ಹುಬ್ಬಳ್ಳ್ಯಾವ್ರು ಕಂಪ್ಯೂಟರಿನ್ಯಾಗ ಮಾತಾಡಿಸಿದ್ರು. ನಿನ್ನ ಬಲ ಏನು, ಇಂಗ್ಲಿಷಿನ್ಯಾಗ ಹೇಳು ಅಂದ್ರು. ಕೈ ತೋರಿಸಬೇಕನಿಸ್ತು. ಅದರಾಗ ಬರೇ ಮಾರಿ ಕಾಣ್ತೈತಿ."

ದೂರದಲ್ಲಿ ಬಸ್ಸು ತಿರುಗುವುದು ಕಂಡಿತು. ಕಾಳಪ್ಪ ಬಂದದ್ದು, ಈ ಕೆಲಸ ಬಿಡು ಎಂದು ಹೇಳಲು. ಆ ಅಂಗಡಿಗೆ ಹೋಗಬೇಡ, ಮನೆಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ಹೇಳಲು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ತಿಕ್ಕಿ ನಯ ಮಾಡಿಕೊಂಡಿದ್ದ. ಆದರೆ ಮನೆಯಲ್ಲಿ ಕೂತ ಮಗ ಕಣ್ಣ ಮುಂದೆ ಬಂದ. ಕೆಲಸ ಸಿಗದ ಆ ಎರಡು ವರ್ಷ ಕೂತಿದ್ದನಲ್ಲ, ಗೋಡೆಗೆ ಮುಖ ಮಾಡಿ, ಬಾಗಿಲು ಹಾಕಿಕೊಂಡು. ನವೀದನ ಅಂಗಡಿಯಲ್ಲಿ ನಗುವುದನ್ನಾದರೂ ಕೇಳಿದ್ದ.

"ಆ ಗೀರು ಇನ್ನ ಹಾಕಬ್ಯಾಡ," ಅಂದ.

ವೀರೇಶ ತಿರುಗಿ ನೋಡಿದ.

"ಬಂದವ್ರೊಬ್ರು ಗುರುತು ಹಿಡದ್ರು. ಮುಂದ ಮತ್ತೊಬ್ರು ಹಿಡದಾರು. ಹಾಕಬ್ಯಾಡ."

"ಹಾಕಬಾರದು ಅಂತ ದಿನಾ ಅನ್ಕೋತೇನಿ. ಕೈ ತಾನ ಎಳದುಬಿಡ್ತೈತಿ."

"ಕೈಗೆ ಹೇಳು."

ಬಸ್ಸು ಬಂದು ನಿಂತಿತು. ವೀರೇಶ ಎದ್ದು, ಜೋಡಿಯನ್ನು ಅಪ್ಪನ ಕೈಗೆ ತಿರುಗಿ ಕೊಟ್ಟು, ಮೆಟ್ಟಿಲಿಗೆ ಕಾಲಿಟ್ಟವನು ನಿಂತ.

"ಹಾಕಲಿಲ್ಲಂದ್ರ ಏನಾಗ್ತೈತಿ ಅಂತ ಮುತ್ಯಾ ಏನರ ಹೇಳಿದ್ನೇನು?"

ಕಾಳಪ್ಪ ನೆನಪು ಮಾಡಿಕೊಂಡ. "ಏನೂ ಹೇಳಿರಲಿಲ್ಲ," ಅಂದ. "ಹಾಕದಾವ್ರು ನಮ್ಮ ಮನ್ಯಾಗ ಯಾರೂ ಇದ್ದಿದ್ದಿಲ್ಲ."

ಮಳೆಗಾಲ ಕಳೆದು ಹೊಸ ಮಕ್ಕಳು ಬಂದರು. ಮಾನ್ಯತೆ ಸಿಕ್ಕ ಕಾಲೇಜು ಎಂದು ಹಿಂದಿನ ವರ್ಷಕ್ಕಿಂತ ಹೆಚ್ಚೇ ಬಂದರು. ಕಾಳಪ್ಪ ಅರ ಹಿಡಿಯುವುದನ್ನು ತೋರಿಸಿದ, ಹಿಂದಕ್ಕೆ ಎಳೆಯಬಾರದು ಎಂದು ಹೇಳಿದ. ಹೇಳುವಾಗ ಅವನ ದನಿ ಮೊದಲಿನಂತೆ ಏಳಲಿಲ್ಲ. ಪರೀಕ್ಷೆಯ ಹಿಂದಿನ ವಾರ ಜೋಡಿಗಳು ರಾಶಿಯಾಗಿ ಬಂದು ಬೆಂಚಿನ ಮೇಲೆ ಬಿದ್ದವು.

ಎಲ್ಲರೂ ಹೋದ ಮೇಲೆ ಅವನು ಒಂದೊಂದನ್ನೇ ಕಿಟಕಿಗೆ ಹಿಡಿದ. ಎಷ್ಟೋ ಜೋಡಿಗಳಲ್ಲಿ ಬೆಳಕು ನುಸುಳಲಿಲ್ಲ. ಬಿಡಿಸಿ, ಒಳಮೈ ಮೇಲೆ ಹೆಬ್ಬೆರಳು ಎಳೆದ. ಒಂದರಲ್ಲೂ ಬೆರಳು ನಿಲ್ಲಲಿಲ್ಲ. ಎಲ್ಲಾ ನಯ. ಮಗ ಮಾಡಿದ್ದು ಯಾವುದು, ನವೀದ ಮಾಡಿದ್ದು ಯಾವುದು, ಇನ್ಯಾರೋ ಮಾಡಿದ್ದು ಯಾವುದು, ತಿಳಿಯಲಿಲ್ಲ. ರಾಶಿಯನ್ನು ಮತ್ತೆ ಮೊದಲಿನಿಂದ ನೋಡಿದ. ಕಿಟಕಿಯ ಬೆಳಕು ಸಣ್ಣದಾಗಿ, ಕಬ್ಬಿಣದ ಮೇಲೆ ತನ್ನ ಬೆರಳೇ ಕಾಣದಷ್ಟು ಹೊತ್ತಾಗುವವರೆಗೆ ನೋಡಿದ.

ಆಮೇಲೆ ಪಟ್ಟಿ ತೆಗೆದು, ಎಲ್ಲರಿಗೂ ಪೂರಾ ಮಾರ್ಕು ಹಾಕಿದ.